ದಾನದ ಪಂಚೆ, ಉಡುವ ಪಂಚೆ

ಪ್ರಶ್ನೆ: ಮುಂದಿನ ತಿಂಗಳು ನಮ್ಮ ತಂದೆಯವರ ವರ್ಷಾಬ್ದಿಕ. ಪುರೋಹಿತರು ಕೊಟ್ಟ ಪಟ್ಟಿ ಹಿಡಿದು ಅಂಗಡಿಗೆ ಹೋದೆ. ಪಂಚೆ ಕೇಳಿದರೆ "ದಾನಕ್ಕಾ ಸಾರ್, ಉಡೋದಕ್ಕಾ?" ಅಂದರು. ದಾನಕ್ಕೆ ಅಂದೆ. ತೆಳ್ಳನೆಯ, ಅಗ್ಗದ ಜೋಡಿಯೊಂದನ್ನು ಕಟ್ಟಿಕೊಟ್ಟರು. ಮನೆಗೆ ತಂದಾಗ ಎಂಟನೇ ಕ್ಲಾಸಿನ ಮಗಳು ಮುಟ್ಟಿ ನೋಡಿ, "ತಾತ ಇಂಥದ್ದು ಉಡ್ತಿದ್ರಾ ಅಪ್ಪಾ?" ಎಂದಳು. "ನಿನಗೇನು ಗೊತ್ತು, ಸುಮ್ನಿರು" ಎಂದು ಗದರಿಬಿಟ್ಟೆ. ಅಂದಿನಿಂದ ಸಮಾಧಾನವಿಲ್ಲ. ಇಂಥ ಪಂಚೆ ಶಾಸ್ತ್ರಕ್ಕೆ ಆದೀತೆ? ಇನ್ನೊಂದು ಮಾತು. ನನ್ನ ಆಫೀಸಿನ ಕ್ರೈಸ್ತ ಸ್ನೇಹಿತರೊಬ್ಬರು ಭಾನುವಾರ ಚರ್ಚಿನಲ್ಲಿ ಕೇಳಿದ ಬೈಬಲ್ ಕಥೆಯನ್ನು ಸೋಮವಾರ ಊಟದ ಹೊತ್ತಿಗೆ ಹೇಳಿ, ಅದರಿಂದ ತಮಗೇನು ಪಾಠ ಎಂದು ಯೋಚಿಸುತ್ತಾರೆ. ನಮ್ಮ ಹಳೆಯ ಕಥೆಗಳಿಂದ ಈಗಿನ ಬದುಕಿಗೆ ಹಾಗೆ ಪಾಠ ತೆಗೆದುಕೊಳ್ಳುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದನ್ನು ನಿಮ್ಮ ಮಗಳು ಆಗಲೇ ಮುಟ್ಟಿ ನೋಡಿದ್ದಾಳೆ.

ಮೊದಲು ಶಾಸ್ತ್ರದ ಮಾತು ಮುಗಿಸೋಣ. ವಸ್ತ್ರದಾನ ಎಂದರೆ ಉಡಬಹುದಾದ ವಸ್ತ್ರವನ್ನು ಕೊಡುವುದು. ಉಡಲು ಬಾರದ್ದು ವಸ್ತ್ರವೇ ಅಲ್ಲ ಎಂದ ಮೇಲೆ ಅದರ ದಾನ ಎಲ್ಲಿಂದ ಬಂತು? ಶಕ್ತಿಯಿದ್ದೂ ದೇವರ ಕೆಲಸದಲ್ಲಿ, ಪಿತೃಗಳ ಕೆಲಸದಲ್ಲಿ ಕೈ ಬಿಗಿ ಹಿಡಿಯುವುದಕ್ಕೆ ನಮ್ಮ ಗ್ರಂಥಗಳಲ್ಲಿ 'ವಿತ್ತಶಾಠ್ಯ' ಎಂಬ ಹೆಸರಿದೆ. ಶಾಠ್ಯ ಅಂದರೆ ಮೋಸ. ಬಡತನಕ್ಕೆ ಆ ಹೆಸರಿಲ್ಲ, ಇದ್ದೂ ಇಲ್ಲದವರ ಹಾಗೆ ನಡೆದುಕೊಳ್ಳುವುದಕ್ಕೆ ಮಾತ್ರ ಆ ಹೆಸರು.

ಈಗ ಕಥೆಗೆ ಬರೋಣ. ಕಠೋಪನಿಷತ್ತು ಶುರುವಾಗುವುದೇ ಒಂದು ದಾನದಿಂದ. ವಾಜಶ್ರವಸ ಎಂಬ ಯಜಮಾನ ತನ್ನದೆಲ್ಲವನ್ನೂ ಕೊಟ್ಟುಬಿಡುವ ಯಾಗ ಮಾಡುತ್ತಿದ್ದಾನೆ. ದಕ್ಷಿಣೆಯ ಹಸುಗಳನ್ನು ಹೊಡೆದುಕೊಂಡು ಬರುತ್ತಿದ್ದಾರೆ. ಮಗ ನಚಿಕೇತ ಇನ್ನೂ ಹುಡುಗ, ನೋಡುತ್ತ ನಿಂತಿದ್ದಾನೆ. ಬರುತ್ತಿರುವ ಹಸುಗಳು ಎಂಥವು? ಮೇವು ತಿನ್ನುವ ಕಾಲ ಮುಗಿದಿದೆ, ಹಾಲು ಬತ್ತಿದೆ, ಇನ್ನು ಕರು ಹಾಕುವಂತಿಲ್ಲ. ಲೆಕ್ಕದಲ್ಲಿ ಹಸು ಹಸುವೇ. ಪಡೆದವನ ಮನೆಗೆ ಮಾತ್ರ ಅದು ಭಾರ. ಇಂಥದ್ದನ್ನು ಕೊಟ್ಟ ಅಪ್ಪನಿಗೆ ಸುಖವಿಲ್ಲದ ಲೋಕವೇ ಗತಿಯಾದೀತಲ್ಲ ಎಂದು ಹುಡುಗ ಹೆದರಿದ. "ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀ?" ಎಂದು ಒಮ್ಮೆ ಅಲ್ಲ, ಮೂರು ಸಲ ಕೇಳಿದ. ಅಪ್ಪನಿಗೆ ರೇಗಿತು. ಯಮನಿಗೆ ಕೊಡುತ್ತೇನೆ ಹೋಗು ಅಂದುಬಿಟ್ಟ.

ಈಗ ಆ ಅಂಗಡಿಯ ಮಾತನ್ನು ನೆನಪಿಸಿಕೊಳ್ಳಿ. "ದಾನಕ್ಕಾ, ಉಡೋದಕ್ಕಾ?" ಅಂಗಡಿಯವರದ್ದು ತಪ್ಪೇನಿಲ್ಲ, ನಾವು ಕೇಳಿದ್ದನ್ನು ಅವರು ಇಟ್ಟುಕೊಂಡಿದ್ದಾರೆ. ದಾನದ ಪಂಚೆ, ದಾನದ ಲೋಟ, ದಾನದ ಛತ್ರಿ. ಪಟ್ಟಿಯಲ್ಲಿ ಗುರುತು ಹಾಕಲು ಎಲ್ಲವೂ ಇವೆ, ಬಳಸಲು ಒಂದೂ ಬಾರದು. ನಾನೂ ಪೌರೋಹಿತ್ಯ ಮಾಡುವವನೇ, ಆದ್ದರಿಂದ ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ಅಟ್ಟದ ಮೇಲೆ ಅಂಥ ಪಂಚೆಗಳ ಗಂಟೇ ಇದೆ. ಒಂದು ಸಲ ನೀರಿಗೆ ಹಾಕಿದರೆ ಜಾಳಾಗಿಬಿಡುತ್ತವೆ. ಅವುಗಳಲ್ಲಿ ಕೆಲವನ್ನು ನಾನು ಬೇರೆಯವರಿಗೆ ದಾಟಿಸಿದ್ದೂ ಉಂಟು. ಅವರೂ ಇನ್ನೊಬ್ಬರಿಗೆ ದಾಟಿಸಿದ್ದಾರು. ನಾಲ್ಕು ಮನೆಯ ಪಿತೃಗಳ ಹೆಸರಿನಲ್ಲಿ ಸುತ್ತಿದರೂ ಆ ಪಂಚೆಯನ್ನು ಯಾರೂ ಉಟ್ಟಿಲ್ಲ. ಕೊಟ್ಟವರದ್ದಷ್ಟೇ ಅಲ್ಲ, ಸುಮ್ಮನೆ ತೆಗೆದುಕೊಂಡ ನಮ್ಮದೂ ಇದರಲ್ಲಿ ಪಾಲಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಚಿಕೇತನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಕೇಳುವಾಗ ನಾವು ಎಲ್ಲಿ ನಿಂತಿರುತ್ತೇವೆ? ನಚಿಕೇತನ ಪಕ್ಕದಲ್ಲಿ. ಎಂಥ ಧೀರ ಹುಡುಗ ಎಂದು ಮೆಚ್ಚಿ ಎದ್ದು ಬರುತ್ತೇವೆ. ಮಕ್ಕಳಿಗೂ "ನಚಿಕೇತನ ಹಾಗಿರು" ಎನ್ನುತ್ತೇವೆ. ಅವರು ನಿಜವಾಗಿ ಹಾಗೆ ಪ್ರಶ್ನೆ ಕೇಳಿದ ದಿನ ಸುಮ್ನಿರು ಅನ್ನುತ್ತೇವೆ! ಗೃಹಸ್ಥನಾದವನು ಆ ಕಥೆಯಲ್ಲಿ ಹುಡುಕಬೇಕಾದ ತನ್ನ ಜಾಗ ವಾಜಶ್ರವಸನದು. ತಪ್ಪಿದವನ ಜಾಗದಲ್ಲಿ ನಿಂತು ಕೇಳಿದರೆ ಹಳೆಯ ಕಥೆ ಇವತ್ತಿನದಾಗುತ್ತದೆ. ಗೆದ್ದವನ ಜಾಗದಲ್ಲೇ ನಿಂತರೆ ಅದು ಹೊತ್ತು ಕಳೆಯುವ ಕಥೆಯಾಗಿ ಉಳಿಯುತ್ತದೆ.

ಇದು ನಮ್ಮ ಕಥೆಗಳಿಗಷ್ಟೇ ಸೇರಿದ ಮಾತಲ್ಲ. ನಿಮ್ಮ ಸ್ನೇಹಿತರನ್ನು ಕೇಳಿ, ಮಾರ್ಕನ ಮತ್ತು ಲೂಕನ ಸುವಾರ್ತೆಗಳಲ್ಲಿ ಬರುವ ಬಡ ವಿಧವೆಯ ಕಥೆ ಹೇಳಿಯಾರು. ಜೆರುಸಲೇಮಿನ ದೇವಾಲಯದಲ್ಲಿ ಶ್ರೀಮಂತರು ಕಾಣಿಕೆ ಪೆಟ್ಟಿಗೆಗೆ ದೊಡ್ಡ ದೊಡ್ಡ ಮೊತ್ತ ಹಾಕುತ್ತಿದ್ದರು. ಒಬ್ಬ ವಿಧವೆ ಎರಡು ಚಿಕ್ಕ ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದರು ಏಸು. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟಿದ್ದರು, ಅವಳು ತನ್ನ ಹೊಟ್ಟೆಪಾಡಿಗೆ ಇದ್ದದ್ದನ್ನೇ ಕೊಟ್ಟಿದ್ದಳು. ಅಲ್ಲಿಯೂ ಕೇಳುವವರಿಗೆ ವಿಧವೆಯ ಪಕ್ಕ ನಿಲ್ಲುವುದು ಸುಲಭ. ಸಂಬಳ, ಮನೆ, ಕಾರು ಇರುವ ಇಂದಿನ ಕ್ರೈಸ್ತ ಗೃಹಸ್ಥ ತಾನು ಮಿಕ್ಕಿದ್ದನ್ನು ಕೊಡುವವರ ಸಾಲಿನಲ್ಲಿದ್ದೇನಲ್ಲ ಎಂದು ಕಂಡುಕೊಂಡರೆ ಆ ಪಾಠ ಅವನಿಗೆ ದಕ್ಕಿತು.

ನಮ್ಮ ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿಯೂ ಇದನ್ನೇ ಹೇಳಿತು. ಧರ್ಮರಾಯನ ಯಾಗಶಾಲೆಗೆ ಬಂದ ಆ ಮುಂಗುಸಿಯ ಅರ್ಧ ಮೈ ಚಿನ್ನ. ಕುರುಕ್ಷೇತ್ರದಲ್ಲಿ ಬಿದ್ದ ಕಾಳು ಆಯ್ದು ಬದುಕುತ್ತಿದ್ದ ಒಬ್ಬ ಬಡ ಬ್ರಾಹ್ಮಣ, ಅವನ ಹೆಂಡತಿ, ಮಗ, ಸೊಸೆ ಹಸಿದಿದ್ದರೂ ತಮ್ಮ ಪಾಲಿನ ಹಿಟ್ಟನ್ನು ಅತಿಥಿಗೆ ಬಡಿಸಿದ್ದರು. ಅಲ್ಲಿ ಹೊರಳಿದಾಗ ಚಿನ್ನವಾದದ್ದು ಅರ್ಧ ಮೈ. ಉಳಿದ ಅರ್ಧ ಅಷ್ಟು ದೊಡ್ಡ ಅಶ್ವಮೇಧದಲ್ಲೂ ಚಿನ್ನವಾಗಲಿಲ್ಲ.

ಹಾಗಾದರೆ ಇಲ್ಲದವರು ಏನು ಮಾಡಬೇಕು? ಅದಕ್ಕೂ ದಾರಿ ಇದೆ. ವಿಷ್ಣುಪುರಾಣದ ಶ್ರಾದ್ಧ ಪ್ರಕರಣ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹೆಚ್ಚು ಆಗದಿದ್ದರೆ ಸ್ವಲ್ಪ ಅನ್ನ, ಅದೂ ಆಗದಿದ್ದರೆ ಎಳ್ಳು, ಅದೂ ಇಲ್ಲದಿದ್ದರೆ ಹಸುವಿಗೆ ಒಂದಿಷ್ಟು ಹುಲ್ಲು. ಏನೂ ಇಲ್ಲದವನು ಎರಡು ಕೈ ಮೇಲೆತ್ತಿ, ನನ್ನಲ್ಲಿ ಭಕ್ತಿಯ ಹೊರತು ಬೇರೇನಿಲ್ಲ ಎಂದು ಪಿತೃಗಳಿಗೆ ಹೇಳಿಕೊಂಡರೆ ಸಾಕು. ಬರಿಗೈಯನ್ನೂ ಶಾಸ್ತ್ರ ಒಪ್ಪಿದೆ.

ಇನ್ನು ನೀವು ಮಾಡಬೇಕಾದ್ದು. ದಶದಾನ ಎಂದರೆ ಗೋವು, ಭೂಮಿ, ಎಳ್ಳು, ಚಿನ್ನ, ತುಪ್ಪ, ವಸ್ತ್ರ, ಧಾನ್ಯ, ಬೆಲ್ಲ, ಬೆಳ್ಳಿ, ಉಪ್ಪು. ಎಲ್ಲದಕ್ಕೂ ಹಾಗೂ ಹೀಗೂ ಒಂದೊಂದು ಗುರುತು ಹಾಕುವ ಬದಲು ಪುರೋಹಿತರ ಹತ್ತಿರ ಕೂತು ಮಾತಾಡಿ. ಹಸು, ಭೂಮಿ ಕೊಡಲಾಗದ ಕಡೆ ಅದರ ಬದಲಿಗೆ ಯಥಾಶಕ್ತಿ ಹಣ ಕೊಡುವ ಕ್ರಮ ಮೊದಲಿನಿಂದಲೂ ಇದೆ. ಕೊಡುವ ಅಕ್ಕಿ, ಬೇಳೆ, ತುಪ್ಪ ನೀವು ಮನೆಯಲ್ಲಿ ಉಣ್ಣುವಂಥದ್ದೇ ಇರಲಿ. ಪಂಚೆ ಒಂದೇ ಜೊತೆಯಾದರೂ ಸರಿ, ನಿಮ್ಮ ತಂದೆಯವರು ಹಬ್ಬಕ್ಕೆ ಉಡುತ್ತಿದ್ದಂಥದ್ದು ಇರಲಿ. "ನಿಮಗೆ ಏನು ಉಪಯೋಗವಾದೀತು?" ಎಂದು ಪುರೋಹಿತರನ್ನು ಮೊದಲೇ ಕೇಳಲು ಸಂಕೋಚ ಬೇಡ. ಕೈ ಬಿಗಿ ಇದ್ದರೆ ವಸ್ತುಗಳ ಸಂಖ್ಯೆ ಕಡಿಮೆ ಮಾಡಿ, ಗುಣ ಕಡಿಮೆ ಮಾಡಬೇಡಿ. ತಂದ ತೆಳು ಪಂಚೆಯನ್ನು ದಾನ ಅನ್ನದೆ ಒರೆಸುವುದಕ್ಕೆ ಬಳಸಿಕೊಳ್ಳಿ, ದೋಷವಿಲ್ಲ.

ಕಡೆಯದಾಗಿ ಮಗಳ ವಿಷಯ. ಅಪ್ಪನ ದಾನ ನೋಡುತ್ತಿದ್ದ ನಚಿಕೇತನೊಳಗೆ ಏನು ಹೊಕ್ಕಿತು ಎಂದು ಉಪನಿಷತ್ತು ಹೇಳುತ್ತದೆ ಗೊತ್ತೇ? ಕೋಪವಲ್ಲ, ಉದ್ಧಟತನವಲ್ಲ. ಶ್ರದ್ಧೆ. 'ಶ್ರಾದ್ಧ' ಎಂಬ ಮಾತು ಹುಟ್ಟಿದ್ದೂ ಆ ಶ್ರದ್ಧೆಯಿಂದಲೇ. ನೀವು ಅಂಗಡಿಯಲ್ಲಿ ಬಿಟ್ಟು ಬಂದದ್ದನ್ನು ಮಗಳು ಮನೆಯಲ್ಲಿ ಎತ್ತಿ ಹಿಡಿದಳು. ಅಜ್ಜ ಹೇಗೆ ಉಡುತ್ತಿದ್ದರು ಎಂಬುದು ಅವಳಿಗೆ ನೆನಪಿದೆ. ಪಿತೃಸ್ಮರಣೆ ಅಂದರೆ ಅದಲ್ಲದೆ ಮತ್ತೇನು?

ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ ನಚಿಕೇತನಿಗೆ ಮೂರು ವರ ಸಿಕ್ಕವು. ಮೊದಲ ವರದಲ್ಲಿ ಅವನು ತನಗೆ ಏನೂ ಕೇಳಲಿಲ್ಲ. ಅಪ್ಪನ ಸಿಟ್ಟು ಇಳಿಯಲಿ, ಹಿಂತಿರುಗಿದಾಗ ಅಪ್ಪ ನನ್ನನ್ನು ಗುರುತು ಹಿಡಿದು ಪ್ರೀತಿಯಿಂದ ಮಾತಾಡಿಸಲಿ ಎಂದು ಬೇಡಿದ. ಗದರಿಸಿಕೊಂಡ ಮಕ್ಕಳ ಮನಸ್ಸಿನಲ್ಲಿ ಇರುವುದು ಅಷ್ಟೇ ಸ್ವಾಮಿ. ಆ ವರ ಕೊಡಲು ನಿಮಗೆ ಯಮನ ಅಪ್ಪಣೆ ಬೇಕಿಲ್ಲ. ಈ ಭಾನುವಾರ ಮಗಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋಗಿ. ಅವರು ಮತ್ತೆ "ದಾನಕ್ಕಾ, ಉಡೋದಕ್ಕಾ?" ಎಂದು ಕೇಳುತ್ತಾರೆ. "ಎರಡಕ್ಕೂ ಒಂದೇ ಕೊಡಿ" ಅನ್ನಿ. ಪಂಚೆಯನ್ನು ಮಗಳೇ ಆರಿಸಲಿ.

ನಿಮ್ಮ ತಂದೆಯವರ ಆಶೀರ್ವಾದ ನಿಮ್ಮ ಮನೆಯ ಮೇಲಿರಲಿ.