ವಿದ್ಯಾದಾನವೋ, ಋಣಪರಿಹಾರವೋ?

ದಾನಗಳಲ್ಲಿ ವಿದ್ಯಾದಾನಕ್ಕೆ ನಮ್ಮ ಹಿರಿಯರು ಉನ್ನತ ಸ್ಥಾನವನ್ನು ಕೊಟ್ಟಿದ್ದಾರೆ. ಅನ್ನವು ಒಂದು ಹೊತ್ತಿನ ಹಸಿವನ್ನು ತಣಿಸುವುದು. ವಿದ್ಯೆಯಾದರೋ ಪಡೆದವರ ಜೊತೆಗೆ ಬಾಳಿನುದ್ದಕ್ಕೂ ನಡೆಯುವುದು. ಆದರೆ ವೇತನವಿಲ್ಲದೆ ಕಲಿಸಿದ ಮಾತ್ರಕ್ಕೆ ಅದು ದಾನವೆನಿಸುವುದೆ? ಈ ಪ್ರಶ್ನೆಯನ್ನು ಸಜ್ಜನರ ಮುಂದೆ ಇಡಲು ಒಂದು ಕಾರಣವಿದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಸಂಜೆಯ ವೇಳೆ ಸಭಾಂಗಣಗಳಿಂದ ತಟ್ಟುಮಣೆಯ ಸದ್ದು ಕೇಳಿಬರುವುದು ನಮಗೆಲ್ಲ ಪರಿಚಿತವೇ. ಅಂತಹ ಒಂದು ಕಡೆ ನೆರೆಹೊರೆಯವರೇ ಕೂಡಿ ನಡೆಸುವ ಭರತನಾಟ್ಯದ ತರಗತಿಗೆ ಸೋದರಿಯೊಬ್ಬರು ಕೆಂಗೇರಿಯಿಂದ ವಾರಕ್ಕೆ ಎರಡು ದಿನ ಬಂದು ಶುಲ್ಕವಿಲ್ಲದೆ ಕಲಿಸುತ್ತಾರೆ. 2021ರಲ್ಲಿ ಮೆಟ್ರೊ ಕೆಂಗೇರಿಯನ್ನು ಮುಟ್ಟಿದ ಮೇಲೆ ಪ್ರಯಾಣವೇನೋ ಸುಲಭವಾಯಿತು. ಆದರೂ ಕಚೇರಿಯ ಕೆಲಸ, ಬಂಧುಗಳ ಮದುವೆ, ಮನೆಯ ಹಬ್ಬಗಳ ನಡುವೆ ಎಷ್ಟೋ ತರಗತಿಗಳು ತಪ್ಪಿದವು. ಮೆಟ್ಟಿಲುಗಳ ಮೇಲೆ ಕಾದು ಕುಳಿತ ಮಕ್ಕಳು ಹಿಂದಿರುಗಿದರು. ತಾಯಿಯೊಬ್ಬರು ವಿನಯದಿಂದಲೇ ವಿಚಾರಿಸಿದಾಗ, "ನಾನೇನು ಸಂಬಳ ಪಡೆಯುತ್ತೇನೆಯೆ? ಸಾಧ್ಯವಾದಾಗ ಬಂದು ಕೊಡುವುದೂ ದಾನವಲ್ಲವೆ?" ಎಂದರಂತೆ.

ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ದಿನವಿಡೀ ದುಡಿದವರು ತಮ್ಮ ವಿಶ್ರಾಂತಿಯನ್ನು ತೊರೆದು ಬರುವುದು ಸಾಮಾನ್ಯ ಸಂಗತಿಯಲ್ಲ. ಆದರೆ ಶ್ರೀಮದ್ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕರ್ತವ್ಯವೆಂಬ ಬುದ್ಧಿಯಿಂದ, ಪ್ರತ್ಯುಪಕಾರ ಮಾಡಲಾರದವರಿಗೆ, ಯೋಗ್ಯವಾದ ದೇಶಕಾಲಗಳಲ್ಲಿ ಕೊಟ್ಟದ್ದು ಸಾತ್ತ್ವಿಕ. ಫಲವನ್ನು ಬಯಸಿಯೋ ಮನಸ್ಸಿಲ್ಲದೆಯೋ ಕೊಟ್ಟದ್ದು ರಾಜಸ. ಆದರವಿಲ್ಲದೆ, ತಿರಸ್ಕಾರದಿಂದ ಕೊಟ್ಟದ್ದು ತಾಮಸ. ಇಲ್ಲಿ ಹಣ ಪಡೆದರೆ ಇಲ್ಲವೆ ಎಂಬುದೊಂದೇ ಅಳತೆಯಲ್ಲ. ಕಾಲವೂ ಆದರವೂ ಅಳತೆಯೇ. ಬಿಟ್ಟಿಯಾಗಿ ಬಂದವರೆಂದು ಮಕ್ಕಳನ್ನು ಕಾಯಿಸುವುದರಲ್ಲಿ ಆದರವು ಎಲ್ಲಿ ಉಳಿಯಿತು?

ನೃತ್ಯವಿದ್ಯೆಯಲ್ಲಿ ಈ ವಿಚಾರಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಅರೆಮಂಡಿಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದುದು ಸೊಂಟದ ಕೀಲಿನಿಂದ. ನೋಡಿ ತಿದ್ದುವವರಿಲ್ಲದೆ ಮಗುವು ಪಾದವನ್ನಷ್ಟೇ ಬಲವಂತದಿಂದ ತಿರುಗಿಸಿದರೆ ಭಾರವೆಲ್ಲ ಮಂಡಿಗೆ ಬೀಳುತ್ತದೆ. ತಟ್ಟಡವನ್ನು ಮೊದಲ ಕಾಲದಲ್ಲಿ ದೃಢಪಡಿಸದೆ ಮೂರನೆಯ ಕಾಲಕ್ಕೆ ಓಡಿಸಿದರೆ ಆ ದೋಷವು ಅಭ್ಯಾಸವಾಗಿ ದೇಹದಲ್ಲಿ ನೆಲೆಸುತ್ತದೆ. ಅರ್ಧ ಕೊಟ್ಟ ಅನ್ನ ಅರ್ಧ ಹಸಿವನ್ನಾದರೂ ನೀಗೀತು. ಅರ್ಧ ಕೊಟ್ಟ ನೃತ್ಯವಿದ್ಯೆ ನೋವನ್ನೇ ಕೊಟ್ಟೀತು.

ಇನ್ನು ನಾವು ಕೊಡುತ್ತಿರುವುದಾದರೂ ಯಾರ ಸೊತ್ತು? ಸಂಗೀತ ಕಲಿಯುವ ಮಗುವು ಮೊದಲ ದಿನ ಮಾಯಾಮಾಳವಗೌಳ ರಾಗದಲ್ಲಿ ಹಾಡುವ ಸರಳೆಗಳ ಕ್ರಮವನ್ನು ಶ್ರೀಪುರಂದರದಾಸರು ರೂಪಿಸಿದರೆಂಬುದು ಪರಂಪರೆಯ ನಂಬಿಕೆ. ಆ ಕ್ರಮಕ್ಕಾಗಿ ಇಂದಿನ ಯಾವ ಶಿಷ್ಯನೂ ಅವರಿಗೆ ಕಾಸು ಕೊಟ್ಟಿಲ್ಲ. ನೃತ್ಯದ ಋಣವಂತೂ ಇನ್ನೂ ಭಾರವಾದುದು. ದೇವಾಲಯಗಳ ಮತ್ತು ಅರಮನೆಗಳ ಸೇವೆಯಲ್ಲಿದ್ದ ನರ್ತಕಿಯರು ಈ ವಿದ್ಯೆಯನ್ನು ತಲೆಮಾರುಗಳ ಕಾಲ ಕಾಪಾಡಿದರು. ಸಮಾಜವಾದರೋ ಅವರನ್ನು ದೂರವಿಟ್ಟಿತು, ನಮ್ಮಂತಹ ಮನೆತನಗಳೂ ಇದಕ್ಕೆ ಹೊರತಲ್ಲ. ಶ್ರೀವ್ಯಾಸರಾಜರು ಬಾಲಕೃಷ್ಣನನ್ನು ಕರೆಯುವ ಕನ್ನಡ ಕೃತಿಯನ್ನು ತಮ್ಮ ಅಭಿನಯದಿಂದ ಲೋಕವಿಖ್ಯಾತಗೊಳಿಸಿದ ಬಾಲಸರಸ್ವತಿಯವರು ಅಂತಹ ವಂಶದವರೇ. 1976ರಲ್ಲಿ ಸತ್ಯಜಿತ್ ರಾಯ್ ಅವರು ತೆಗೆದ ಚಿತ್ರದಲ್ಲಿ ಆ ಅಭಿನಯವನ್ನು ಇಂದಿಗೂ ಕಾಣಬಹುದು. ನಮ್ಮ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರು, ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಜನಿಸಿದ ವೆಂಕಟಲಕ್ಷಮ್ಮನವರಿಗೆ ಎಳವೆಯಲ್ಲಿಯೇ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಆ ಶಿಷ್ಯೆ ಆಸ್ಥಾನ ವಿದುಷಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿ ಅದನ್ನು ಮುಂದಿನವರಿಗೆ ಒಪ್ಪಿಸಿದರು. 1992ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದರು.

ಹೀಗೆ ಕೈಯಿಂದ ಕೈಗೆ ಬಂದುದನ್ನು ನಾವು ಮುಂದೆ ದಾಟಿಸುವಾಗ "ದಾನ ಮಾಡಿದೆ" ಎನ್ನುವುದು ಸಲ್ಲದ ಮಾತು. ಅದು ಋಣಪರಿಹಾರ. ದಾನಿಯು ದಿನವನ್ನು ತಾನೇ ಆರಿಸಿಕೊಳ್ಳಬಹುದು; ಸಾಲಗಾರನು ಗಡುವನ್ನು ತಪ್ಪಿಸಲಾರ. ಸ್ವತಂತ್ರನು ಶ್ರೀಹರಿಯೊಬ್ಬನೇ, ನಾವು ಅವನ ಅಧೀನರೆಂದು ನಂಬಿದವರಿಗೆ "ನಾನು ಕೊಟ್ಟೆ" ಎಂಬ ಅಭಿಮಾನಕ್ಕೆ ಎಡೆಯೆಲ್ಲಿಯದು?

ಆದರೆ ಈ ಮಾತನ್ನು ಕಲಿಸುವವರ ಮೇಲೆ ಮಾತ್ರ ಹೊರಿಸುವುದು ಅನ್ಯಾಯ. ಕಲಿಸಿ ಬಾಳುವವರು ಸಂಭಾವನೆ ಪಡೆಯುವುದರಲ್ಲಿ ಯಾವ ಕುಂದೂ ಇಲ್ಲ. ವೆಂಕಟಲಕ್ಷಮ್ಮನವರಿಗೂ ಅರಮನೆಯ, ವಿಶ್ವವಿದ್ಯಾನಿಲಯದ ಆಶ್ರಯವಿತ್ತು. ಉಚಿತ ಸೇವೆಯನ್ನು ಕೇಳುವ ನಾವು ಪ್ರಯಾಣದ ವೆಚ್ಚವನ್ನೂ ಕಾಲಿಗೆ ಹಿತವಾದ ನೆಲವನ್ನೂ ಒದಗಿಸಿದ್ದೇವೆಯೆ? ಶಿಕ್ಷಕಿಗೆ ಜ್ವರ ಬಂದಾಗ ಮಕ್ಕಳಿಗೆ ತಿಳಿಸಲು ಒಬ್ಬರನ್ನಾದರೂ ನೇಮಿಸಿದ್ದೇವೆಯೆ? ಋಣವು ಎರಡು ಕಡೆಗೂ ಉಂಟು.

ಆ ಸೋದರಿಯವರು ಕೆಲವು ದಿನ ಯೋಚಿಸಿ, "ಎರಡು ದಿನವೆಂದು ಒಪ್ಪಿದ್ದೇ ನನ್ನ ತಪ್ಪು, ಶನಿವಾರವೊಂದನ್ನೇ ಕೊಡುತ್ತೇನೆ, ಅದನ್ನು ತಪ್ಪಿಸುವುದಿಲ್ಲ" ಎಂದು ತಿಳಿಸಿದರು. ನೆರೆಯವರು ಉಳಿದೊಂದು ದಿನಕ್ಕೆ ಸಂಭಾವನೆ ಕೊಟ್ಟು ಬೇರೊಬ್ಬ ಶಿಕ್ಷಕಿಯನ್ನು ಕರೆಸಿದರು. ಮಾತು ಕೊಟ್ಟು ತಪ್ಪಿದ ಎರಡು ದಿನಗಳಿಗಿಂತ ನಡೆಸಿಕೊಟ್ಟ ಒಂದು ದಿನವು ಭಗವಂತನಿಗೆ ಹೆಚ್ಚು ಪ್ರಿಯವಾದೀತೆಂದು ನಮ್ಮ ನಂಬಿಕೆ.

ಶ್ರೀಕೃಷ್ಣಾರ್ಪಣಮಸ್ತು.