ಹಕ್ಕಿ ಶುಚಿ ಮಾಡಿದ ಕೈಗೆ ಮೈಲಿಗೆಯೇ?

ಪ್ರಶ್ನೆ: ಹಿಂದೆ ಮಾವನವರು ಬೇಟೆಯಾಡಿ ತಂದ ಗೌಜಲಕ್ಕಿಗಳ ಪುಕ್ಕ ಕಿತ್ತು, ಕರುಳು ತೆಗೆದು ಶುಚಿ ಮಾಡುತ್ತಿದ್ದವಳು ನಾನೇ. ಅಂಥ ದಿನ ದೇವರ ಕೋಣೆಗೆ ಹೋಗಬೇಡ ಅಂತ ಅತ್ತೆ ತಡೆಯುತ್ತಿದ್ದರು. ಆ ದೋಷಕ್ಕೆ ಈಗೇನು ಪ್ರಾಯಶ್ಚಿತ್ತ?

ಉತ್ತರ: ತಾಯಿ, ಮೊದಲು ಒಂದು ಮಾತು ಕೇಳ್ತೀನಿ. ಹಕ್ಕಿ ಹೊಡೆದವರನ್ನು ಯಾರಾದರೂ ದೇವರ ಕೋಣೆಯ ಬಾಗಿಲಲ್ಲಿ ತಡೆದಿದ್ದರೇ?

ರಕ್ತ ಮುಟ್ಟಿದ ಕೈ ತೊಳೆದು, ಮಿಂದು, ಆಮೇಲೆ ದೀಪ ಹಚ್ಚಬೇಕು. ಅದು ಶೌಚ, ನೀರಿನಿಂದ ಮುಗಿಯಿತು. ಜೀವ ತೆಗೆದ ಲೆಕ್ಕ ಮಾತ್ರ ನೀರಿಗೆ ಹೋಗುವುದಿಲ್ಲ. ಮಹಾಭಾರತದ ವನಪರ್ವದ ಕೌಶಿಕನನ್ನು ನೆನೆಯಿರಿ. ಅವನ ಕೈಗೆ ಒಂದು ಹನಿ ರಕ್ತ ಅಂಟಿರಲಿಲ್ಲ. ಆದರೂ ಅವನ ಸಿಟ್ಟಿನ ನೋಟಕ್ಕೆ ಕೊಕ್ಕರೆ ಸತ್ತುಬಿತ್ತು. ಕೊನೆಗೆ ಧರ್ಮ ಕಲಿಯಲು ಅವನು ಹೋದದ್ದು ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದ ಧರ್ಮವ್ಯಾಧನ ಬಳಿಗೆ. ಆ ವ್ಯಾಧನೂ ತನ್ನ ವೃತ್ತಿ ಘೋರವಲ್ಲ ಅಂತ ಹೇಳಿಕೊಳ್ಳಲಿಲ್ಲ.

ಹಾಗೇ ನಿಮ್ಮ ಪಾಲು ಏನೂ ಇಲ್ಲ ಅಂತ ನಾನೂ ಹೇಳೋದಿಲ್ಲ. ಹೊಡೆದವರಿಗೂ ಉಂಡವರಿಗೂ ಅದರಲ್ಲಿ ಪಾಲುಂಟು; ಅಡುಗೆಮನೆಯವಳೊಬ್ಬಳ ತಲೆಗೆ ಕಟ್ಟುವುದು ಧರ್ಮವಲ್ಲ. ಹಕ್ಕಿಯ ಕೊರಳ ಚೀಲದಲ್ಲಿ ಇನ್ನೂ ಅರಗದ ಕಾಳು ನಿಮ್ಮ ಬೆರಳಿಗೆ ಸಿಕ್ಕಿರಬೇಕು. ಆಗ ಕರುಳು ಚುರ್ ಅಂದಿದ್ದರೆ, ಪ್ರಾಯಶ್ಚಿತ್ತ ಅಂದೇ ಶುರುವಾಯಿತು.

ಉಳಿದದ್ದು ಇಷ್ಟು: ಕಾಡುಹಕ್ಕಿಯ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಇನ್ನು ಮುಂದೆ ಯಾರು ತಂದರೂ ಬೇಡವೆನ್ನಿ. ಬೇಸಿಗೆಯಲ್ಲಿ ಅಂಗಳದಲ್ಲೊಂದು ಬೋಗುಣಿ ನೀರು, ಹಿಡಿ ಕಾಳು ಇಡಿ. ನಿಶ್ಚಿಂತೆಯಿಂದ ದೀಪ ಹಚ್ಚಿ. ಶುಭವಾಗಲಿ.