ಹೆಳವರು ಬಾರದ ಓಣಿ



ಗಜೇಂದ್ರಗಡದಲ್ಲಿರುವ ನನ್ನ ತಂಗಿಯ ಮಗ ಕಳೆದ ವಾರ ಒಂದು ಪ್ರಶ್ನೆ ಕೇಳಿದ. ಅವನ ಗೆಳೆಯನ ಮನೆಗೆ ಹೆಳವರು ಬಂದಿದ್ದರಂತೆ. ಹೊತ್ತಿಗೆ ಬಿಚ್ಚಿ ಏಳೆಂಟು ತಲೆಮಾರಿನ ಹೆಸರು, ಮೂಲ ಊರು, ಇತ್ತ ಬಂದ ಕಾರಣ ಎಲ್ಲ ಓದಿದರಂತೆ. "ಮಾಮಾ, ನಮ್ಮ ಹಿರ್ಯಾರ ಹೆಸರು ಯಾರ ಹೊತ್ತಿಗ್ಯಾಗ ಅದಾವು?" ಅಂದ.

ರೋಣ ತಾಲೂಕಿನ ನಮ್ಮೂರಿಗೂ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನೊಂದಿಗೆ ಬರುತ್ತಿದ್ದರು. ದೊಡ್ಡ ಮನೆಗಳ ಅಂಗಳದಲ್ಲಿ ವಂಶ ಹೇಳಿ, ಜೋಳ ಪಡೆದು ಮುಂದೆ ಹೋಗುತ್ತಿದ್ದರು. ನಮ್ಮ ಓಣಿಗೆ ಬಂದದ್ದನ್ನು ನಾನು ಕಾಣೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಊರೂರು ತಿರುಗುವ ಬಡವರು, ಕಾಳು ಕೊಟ್ಟವರ ಹೆಸರು ಬರೆದುಕೊಂಡರು. ಆ ಕಾಳು ಬೆಳೆದವರು ಯಾರು ಅನ್ನುವುದು ಬೇರೆ ಮಾತು.

ನಮ್ಮವರ ಹೆಸರು ಸಿಕ್ಕುವುದು ಬೇರೆ ಕಾಗದಗಳಲ್ಲಿ. ನನ್ನ ಟ್ರಂಕಿನಲ್ಲಿ ಎರಡಿವೆ. ಒಂದು, ಧಾರವಾಡ ಜಿಲ್ಲೆ ಮುಂಬಯಿ ಸರ್ಕಾರದಲ್ಲಿದ್ದಾಗಿನ ವತನದ ನಕಲು. ಊರ ಚಾಕರಿಗೆ ಪ್ರತಿಯಾಗಿ ತುಂಡು ಹೊಲ, ಅಪ್ಪನ ನಂತರ ಮಗನಿಗೂ ಅದೇ ಚಾಕರಿ. ಈ ವತನದ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದ್ದರು. ರದ್ದತಿ ಕಾಯ್ದೆ ಬಂದದ್ದು ಅವರು ತೀರಿಕೊಂಡ ಮೇಲೆ. ಇನ್ನೊಂದು ಕಾಗದ ನಮ್ಮಪ್ಪನ ಶಾಲೆಯ ಉತಾರ. ಹೆಸರಿನ ಮುಂದೆ ಜಾತಿ.

"ದೀಕ್ಷಾ ತಗೊಂಡ ಮ್ಯಾಲ ಇವನ್ನ ಯಾಕ ಇಟ್ಕೊಂಡಿ?" ಅಂದ ಅಳಿಯ. 1990ರ ತಿದ್ದುಪಡಿಯಿಂದ ಬೌದ್ಧರಾದ ನಮಗೂ ಮೀಸಲಾತಿ ಉಂಟು, ಅದಕ್ಕೆ ಹಳೆಯ ದಾಖಲೆ ಬೇಕು ಅಂದೆ. ಬಿಟ್ಟು ಬಂದದ್ದನ್ನೇ ತೋರಿಸಿ ಹಕ್ಕು ಕೇಳಬೇಕು. ಅವನಿಗೆ ಆ ಉತ್ತರ ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ.

ರಾತ್ರಿ ದೀಘನಿಕಾಯದ ಅಂಬಟ್ಠ ಸುತ್ತ ತೆಗೆದೆ. ಅಂಬಟ್ಠನೆಂಬ ಬ್ರಾಹ್ಮಣ ಯುವಕ ಕುಲದ ಸೊಕ್ಕಿನಿಂದ ಶಾಕ್ಯರನ್ನು ಹೀಗಳೆಯುತ್ತಾನೆ. ಭಗವಾನರು ಅವನ ಗೋತ್ರ ಕೇಳಿ, ಆ ಗೋತ್ರದ ಮೂಲಪುರುಷ ಕಣ್ಹ ಒಕ್ಕಾಕ ರಾಜನ ದಾಸಿ ದಿಸಾಳ ಮಗ ಎಂದು ತೋರಿಸುತ್ತಾರೆ. ಜೊತೆಗಿದ್ದ ಯುವಕರು ತಕ್ಷಣ ಅಂಬಟ್ಠನನ್ನೇ ದಾಸಿಯ ಸಂತಾನ ಎಂದು ಗದ್ದಲ ಎಬ್ಬಿಸುತ್ತಾರೆ. ಆಗ ಭಗವಾನರು ಅವರನ್ನು ತಡೆದು, ಆ ಕಣ್ಹ ದೊಡ್ಡ ಋಷಿಯಾದ ಎನ್ನುತ್ತಾರೆ. ಸೊಕ್ಕು ಇಳಿಸಲು ವಂಶ ಹೇಳಿದವರು ಅದೇ ವಂಶದಿಂದ ಅವನನ್ನು ಅವಮಾನಿಸಲು ಬಿಡಲಿಲ್ಲ.

ನಮ್ಮಲ್ಲೂ ಕೆಲವರು ಈಗ ರಾಜವಂಶ ಹುಡುಕಿ ಗ್ರೂಪಿಗೆ ಹಾಕುತ್ತಾರೆ. ನಾನೂ ಒಮ್ಮೆ ಫಾರ್ವರ್ಡ್ ಮಾಡಿದ್ದೇನೆ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ಬರೆದಾಗ, ದಾಖಲೆ ಇಲ್ಲದ ಕಡೆ ಊಹೆಯಿಂದ ಕೊಂಡಿ ಕೂಡಿಸಿದ್ದೇನೆಂದು ಮುನ್ನುಡಿಯಲ್ಲೇ ಒಪ್ಪಿಕೊಂಡರು. ನಾವು ಆ ಒಪ್ಪಿಗೆಯನ್ನು ಬಿಟ್ಟು ಊಹೆಯನ್ನಷ್ಟೇ ಹಿಡಿಯುತ್ತೇವೆ. ಚಾಕರಿ ಮಾಡಿದ ಅಜ್ಜನಿಗೆ ಕಿರೀಟ ತೊಡಿಸಿದರೆ ಅವನ ಬೆನ್ನಿನ ಬಾಸುಂಡೆ ಮುಚ್ಚುತ್ತದೆ, ಹೊಡೆದವನೂ ಬಚಾವಾಗುತ್ತಾನೆ.

ಬೆಳಿಗ್ಗೆ ಎರಡೂ ಕಾಗದದ ಫೋಟೋ ಅಳಿಯನಿಗೆ ಕಳಿಸಿದೆ. ಆಮೇಲೆ ನೋಡಿದರೆ ಎರಡರಲ್ಲೂ ಬರೀ ಗಂಡಸರ ಹೆಸರು. ಸುತ್ತದಲ್ಲಿ ದಿಸಾಳ ಹೆಸರಾದರೂ ಉಳಿದಿದೆ. ತಂಗಿಗೆ ಫೋನ್ ಮಾಡಿ, ಅಜ್ಜಿಯ ಹೆಸರು ನೆನಪಿದೆಯೇನವ್ವಾ ಅಂದೆ. ಅಜ್ಜಿಯದಷ್ಟೇ ಅಲ್ಲ, ಅವಳ ತಾಯಿಯದೂ ನೆನಪಿತ್ತು. ಅಳಿಯ ನೋಟ್‌ಬುಕ್ಕಿನಲ್ಲಿ ಮೊದಲು ಆ ಎರಡು ಹೆಸರು ಬರೆದ.